ಸಿನಿಮಾದಲ್ಲಿ ಸತ್ತುಹೋದ ಕದರಮ್ಮ

ಗುಬ್ಬಿ ಪೇಟೆಯ ಹಿಂದಿನ ಪುರಿಭಟ್ಟಿಯಲ್ಲಿ ಬೆಳಗಿನ ಐದಕ್ಕೇ ಹೊಗೆ ಎದ್ದಿದೆ. ಕದರಮ್ಮ ಅಕ್ಕಿಗೆ ಉಪ್ಪುನೀರು ಹಿಡಿಸಿ, ಅಂಗೈಲಿ ತಿಕ್ಕಿ, ನಾಲ್ಕು ಕಾಳು ಬಾಯಿಗಿಟ್ಟು ನೋಡುತ್ತಾರೆ. ಅವರು ತಲೆ ಆಡಿಸಿದ ಮೇಲೇ ಮಗಳು ಸಿದ್ದಗಂಗಮ್ಮ ಅದನ್ನು ಕಾದ ಮರಳಿಗೆ ಸುರಿಯೋದು. ಚಟಪಟ ಅಂದು ಬಾಂಡ್ಲಿ ತುಂಬ ಪುರಿ ಅರಳುತ್ತದೆ.

"ಉಪ್ಪಿನ ಹದ ತಪ್ಪಿದ್ರೆ ಅಕ್ಕಿ ಅರಳಲ್ಲ, ಸೀದೋಯ್ತದೆ. ಇದು ಇಬ್ರು ಮಾಡೋ ಕೆಲ್ಸ ಕಣಪ್ಪ," ಅಂತಾರೆ.

ಬೆಳ್ಳಾವಿ ಕಡೆಯವರು. ಗಂಡ ತೀರಿಕೊಂಡ ಮೇಲೆ ಎರಡು ವರ್ಷದ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದು ಈ ಭಟ್ಟಿ ಸೇರಿ ಹದಿನೇಳು ವರ್ಷ. ದಿನಕ್ಕೆ ಎಂಟು ಮೂಟೆ ಪುರಿ. ಉಪ್ಪಿಗೆ ಬೆರಳೆಲ್ಲ ಸೀಳುಬಿಟ್ಟಿವೆ.

ಎಪ್ಪತ್ತೊಂಬತ್ತರಲ್ಲಿ, ಅಂದರೆ ಏಳು ವರ್ಷದ ಹಿಂದೆ, ಬೆಂಗಳೂರಿಂದ ಸಿನಿಮಾದವರು ಬಂದರು. ದುಡಿಯೋ ಮಕ್ಕಳ ಮೇಲೆ ಸಾಕ್ಷ್ಯಚಿತ್ರ. ಗಂಗಮ್ಮನಿಗೆ ಆಗ ಹನ್ನೆರಡು. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟು ತುಮಕೂರಿನ ಫೋಟೊ ಸ್ಟುಡಿಯೋದಲ್ಲಿದ್ದ ನನ್ನನ್ನು ಬೆಳಕು ಹಾಯಿಸೋ ಹಲಗೆ ಹಿಡಿಯೋಕೆ ಕರೆತಂದಿದ್ದರು. ಪಕ್ಕದಲ್ಲಿ ತಾಯಿ ಇದ್ದರೆ ನೋಡೋರ ಕರುಳು ಚುರುಕ್ ಅನ್ನಲ್ಲವಂತೆ. ಡೈರೆಕ್ಟರು ಕಣ್ಸನ್ನೆ ಮಾಡಿದರು. "ಅಮ್ಮಾ, ಒಂಚೂರು ಆಕಡೆ ಹೋಗಿ" ಅಂದವನು ನಾನು. ಕದರಮ್ಮ ಹೊಟ್ಟಿನ ರಾಶಿ ಹಿಂದೆ ಹೋಗಿ ಕೂತರು.

ಉಪ್ಪು ನೋಡೋರಿಲ್ಲ. ಹುಡುಗಿ ಹಾಗೇ ಸುರಿದಳು. ಇಡೀ ಬಾಂಡ್ಲಿ ಕಪ್ಪಾಯಿತು. "ಏನ್ಲೇ, ಕಣ್ಣು ಎಲ್ಲಿಟ್ಟಿದ್ದೆ?" ಅಂತ ಯಜಮಾನ ಷಡಕ್ಷರಿ ಗದರಿದ. ಹುಡುಗಿ ಬಿಕ್ಕಿದಳು. ಕ್ಯಾಮೆರಾ ಮುಖದ ಹತ್ತಿರಕ್ಕೆ ಹೋಯಿತು. ನಾನು ಹಲಗೆ ಇನ್ನಷ್ಟು ಓರೆ ಮಾಡಿ ಕಣ್ಣೀರಿಗೆ ಬೆಳಕು ಬಿಟ್ಟೆ.

ಆ ಅಳುವಿಗೆ ಪ್ರಶಸ್ತಿ ಬಂತು. ಡೈರೆಕ್ಟರಿಗೆ ಹೊಸ ಸಿನಿಮಾಗಳು, ಫಾರಿನ್ ಟೂರು. ಭಟ್ಟಿಗೆ ಒಂದು ಕಾಗದವೂ ಬರಲಿಲ್ಲ. ತುಮಕೂರಲ್ಲಿ ಚಿತ್ರ ತೋರಿಸುತ್ತಾರಂತೆ ಅಂತ ತಾಯಿ ಮಗಳು ಬಸ್ಸು ಹತ್ತಿ ಹೋದರು. ಪರದೆ ಮೇಲಿಂದ ದಪ್ಪ ದನಿಯೊಂದು ಹೇಳಿತು, ಈ ಅನಾಥೆಗೆ ಯಾರೂ ಇಲ್ಲ.

"ನಾನು ಅಲ್ಲೇ ಕುಂತಿದ್ದೆ," ನಗುತ್ತಾರೆ ಕದರಮ್ಮ. "ಸತ್ತೋದೋಳು ಬಸ್ ಚಾರ್ಜು ಕೊಟ್ಟು ಸಿನಿಮಾ ನೋಡಕ್ಕೆ ಬಂದಿದ್ಲು! ಗಂಗ ಮಾತ್ರ ಮನೇತನಕ ನನ್ನ ಸೆರಗು ಬುಡ್ಲಿಲ್ಲ."

ಇಂಥ ಕಳ್ಳತನಕ್ಕೆ ಯಾವ ಸ್ಟೇಶನ್ನಲ್ಲೂ ಕೇಸಿಲ್ಲ. ಇದ್ದಿದ್ದರೆ ಡೈರೆಕ್ಟರ ಜೊತೆ ನನಗೂ ಕೋಳ ಬೀಳುತ್ತಿತ್ತು.

ಈಗ ಪತ್ರಿಕೆಗೆ ಬರೆಯೋನಾಗಿರೋ ನನಗೆ ಈ ಪುರವಣಿಗೆ ಕದರಮ್ಮನ ಫೋಟೊ ಬೇಕಿತ್ತು. ಕ್ಯಾಮೆರಾ ಕಣ್ಣಿಗೆ ಹಿಡಿದವನು ಹೇಳಿಯೇಬಿಟ್ಟೆ, "ಗಂಗಾ, ಒಂಚೂರು ಆಕಡೆ ಸರಿಯಮ್ಮ."

ಗಂಗಮ್ಮ ಕದಲಲಿಲ್ಲ.

"ಈ ಸಲ ಯಾರನ್ನ ಸಾಯಿಸ್ತೀಯಪ್ಪ?" ಅಂದರು ಕದರಮ್ಮ.

ಕ್ಯಾಮೆರಾ ಕೆಳಗಿಳಿಸಿದೆ. ನನ್ನ ಮುಖ ನೋಡಿ ಅವರಿಗೇ ಅಯ್ಯೋ ಅನಿಸಿತೇನೋ. "ಹಾಕೋದಾದ್ರೆ ಇಬ್ರುನ್ನೂ ಹಾಕು. ಇಲ್ದಿದ್ರೆ ಬುಡು," ಅಂದು ಅಕ್ಕಿಗೆ ಕೈ ಹಾಕಿದರು. ನಾಲ್ಕು ಕಾಳು ಬಾಯಿಗಿಟ್ಟುಕೊಂಡರು.

"ಸುರಿಯೇ ಗಂಗ. ಉಪ್ಪು ಸರಿಯಾಗೈತೆ."