ಮೋರ್ಯರ ಗುಡ್ಡೆಯ ಎಲುಬುಗಳು

ಮರಿಯಮ್ಮನಹಳ್ಳಿ ಹತ್ತಿರ ನನ್ನ ತವರಿನ ಹೊಲದಲ್ಲಿ, ಸುತ್ತಲೂ ಗುಂಡುಕಲ್ಲು ಹೂತಿದ್ದ ತಗ್ಗು ದಿಬ್ಬವೊಂದಿತ್ತು. ಊರವರು ಅದನ್ನು ಮೋರ್ಯರ ಗುಡ್ಡೆ ಎನ್ನುತ್ತಿದ್ದರು. ಬೃಹತ್ ಶಿಲಾಯುಗದ ಗೋರಿಯದು ಎಂದು ನನಗೆ ತಿಳಿದದ್ದು ಹೊಸಪೇಟೆಯಲ್ಲಿ ಶಿಕ್ಷಕಿಯಾದ ಮೇಲೆ. ಅದನ್ನು ಮುಟ್ಟಬಾರದು ಎಂದು ಅಣ್ಣನಿಗೂ ಹೇಳಿದ್ದೆ. ಅವನು ಹೂಂಗುಟ್ಟಿದ್ದ.

ಹೋದ ಬೇಸಿಗೆಯಲ್ಲಿ ಅತ್ತಿಗೆಯ ಫೋನು ಬಂತು. "ಜಲ್ದಿ ಬಾರವ್ವ. ನಿಮ್ಮಣ್ಣ ಗುಡ್ಡೆಗೆ ಜೆಸಿಬಿ ಹಚ್ಚ್ಯಾರ."

ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ಅರ್ಧ ಗುಡ್ಡೆ ಸಮತಟ್ಟಾಗಿತ್ತು. ಅಣ್ಣನಿಗೆ ಅಲ್ಲಿ ದಾಳಿಂಬೆ ಹಾಕಬೇಕಿತ್ತು. ಒಡೆದ ಚಪ್ಪಡಿಯಡಿ ಸಿಕ್ಕ ಕಪ್ಪು-ಕೆಂಪು ಮಡಕೆಚೂರುಗಳನ್ನೂ ಎಲುಬುಗಳನ್ನೂ ಗೊಬ್ಬರದ ಚೀಲಕ್ಕೆ ತುಂಬಿ ಬದುವಿನಾಚೆ ಎಸೆದಿದ್ದರು. ಅತ್ತಿಗೆ ಚೀಲ ಸುರುವಿ, ತನ್ನ ಹಳೇ ಸೀರೆಯ ಮೇಲೆ ಎಲುಬುಗಳನ್ನು ಆಯ್ದಿಡುತ್ತಿದ್ದಳು.

"ಯಾರ ಮನಿ ಮಂದಿನೋ ಏನೋ. ಹಿಂಗ ಕಸದಂಗ ಒಗೀತಾರೇನು?"

ನನಗೆ ಅವಳ ಮುಖ ನೋಡಲಾಗಲಿಲ್ಲ. ಒಗೆದವನು ನನ್ನ ಒಡಹುಟ್ಟಿದವನು. ಅಲ್ಲಿಂದಲೇ ಪುರಾತತ್ವ ಇಲಾಖೆಗೆ ಫೋನ್ ಮಾಡಿ ಕೆಲಸ ನಿಲ್ಲಿಸಿದೆ.

ಮರುದಿನ ಅಧಿಕಾರಿ ಬಂದರು. ಹಿಂದೆಯೇ ಅರ್ಧ ಊರು ಬಂತು. ಅಣ್ಣ ಕೈಮುಗಿದ. "ನಮಗ ಗೊತ್ತಿರಲಿಲ್ರಿ ಸಾಹೇಬ್ರ. ಬರೇ ಕಲ್ಲಿನ ರಾಶಿ ಅಂದ್ಕೊಂಡಿದ್ವಿ."

ಅಧಿಕಾರಿ ನನ್ನ ಕಡೆ ತಿರುಗಿದರು. "ನೀವು ಇದೇ ಮನೆಯವರಲ್ರೀ ಮೇಡಂ? ಇವರಿಗೆ ಹೇಳಿರಲಿಲ್ಲೇನು?"

ಅಣ್ಣ ನನ್ನನ್ನೇ ನೋಡುತ್ತಿದ್ದ. ಇಲ್ಲ ಎನ್ನು ಎಂದು ಬೇಡುವ ನೋಟ ಅದು.

"ಹೇಳಿದ್ದೆ," ಎಂದೆ. "ಅವನಿಗೆ ಗೊತ್ತಿತ್ತು."

ಊರವರ ನಡುವೆ ಅಣ್ಣ ತಲೆ ತಗ್ಗಿಸಿದ. ನನಗೂ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವನು ಮಾಡಿದ್ದಕ್ಕೆ ನಾಚಿಕೆ, ಅವನ ಮಾನ ನಾನೇ ತೆಗೆದೆನಲ್ಲ ಎಂಬ ನಾಚಿಕೆ ಬೇರೆ. ಗುಂಪಿನಲ್ಲಿ ಯಾರೋ ನಕ್ಕರು. ಆ ನಗೆ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಅತ್ತಿಗೆ ಎಲುಬು ಕಟ್ಟಿದ ಸೀರೆಯ ಗಂಟನ್ನು ತಂದು ಬಿಚ್ಚಿದಳು. ಅಧಿಕಾರಿ ಒಂದು ಪುಟ್ಟ ದವಡೆಯನ್ನೆತ್ತಿ ನೋಡಿ, "ಕೂಸಿಂದು," ಎಂದರು.

"ಎಲ್ಲಾ ಒಂದ ಕಡೆ ಇಡ್ರಿ," ಎಂದಳು ಅತ್ತಿಗೆ. "ಕೂಸನ್ನ ಬ್ಯಾರೆ ಮಾಡಬ್ಯಾಡ್ರಿ."

ಅಣ್ಣ ಅಲ್ಲಿಂದ ಹೊರಟುಹೋದ. ಆ ಮಧ್ಯಾಹ್ನ ಅವನು ಉಣ್ಣಲಿಲ್ಲ.

ಅವನಿಗೆ ನೋಟಿಸು ಬಂತು. ಉಳಿದ ಅರ್ಧ ಗುಡ್ಡೆಗೆ ಈಗ ತಂತಿಬೇಲಿಯಿದೆ. ತವರಿಗೆ ಹೋದಾಗ ಅಣ್ಣ ಚಹಾ ಆಯ್ತಾ, ಮಕ್ಕಳು ಹೇಗಿದ್ದಾರೆ ಎಂದು ಕೇಳುತ್ತಾನೆ. ಹೊಲದ ಮಾತು ಮಾತ್ರ ಎತ್ತುವುದಿಲ್ಲ. ನನಗೂ ಎತ್ತುವ ಧೈರ್ಯವಿಲ್ಲ.