ಕೊನೆಯ ಮಾತ್ರೆ ಬೀಜಕ್ಕೆ

ಆ ಕಾಲದಲ್ಲಿ ಚಾರ್ಮಾಡಿಯ ನಮ್ಮ ಕಡೆ ಜ್ವರ ಬಂದವರು ಡಾಕ್ಟರರಿಗಿಂತ ಮೊದಲು ನಮ್ಮ ದೊಡ್ಡಮ್ಮನನ್ನು ನೋಡುತ್ತಿದ್ದರು. ಡಾಕ್ಟರರಿದ್ದದ್ದು ಬೆಳ್ತಂಗಡಿಯಲ್ಲಿ. ಹೋದರೆ ದಿನದ ಕೆಲಸ ಕೆಟ್ಟಿತು, ಮೇಲಿಂದ ಅವರ ಬೈಗುಳ ಬೇರೆ. ದೊಡ್ಡಮ್ಮ ಬೈಯುತ್ತಿರಲಿಲ್ಲ. ಬಂದವರಿಗೆ ಬೆಲ್ಲ ನೀರು ಕೊಟ್ಟು, ಹಣೆ ಮುಟ್ಟಿ ನೋಡಿ, ಅರ್ಧ ಕೆಂಪು ಅರ್ಧ ಹಳದಿಯ ಮಾತ್ರೆ ತಂದುಕೊಡುತ್ತಿದ್ದರು. ಅದಕ್ಕೆ ಆ್ಯಂಟಿಬಯಾಟಿಕ್ ಎನ್ನುತ್ತಾರೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಇದಕ್ಕೆಲ್ಲ ಮೊದಲು ಒಂದು ವರ್ಷ ಎದೆಯಲ್ಲಿ ಕಫ ಕಟ್ಟಿ ದೊಡ್ಡಮ್ಮ ಹಾಸಿಗೆ ಹಿಡಿದಿದ್ದರು. ಮನೆಯವರೆಲ್ಲ ಆಸೆ ಬಿಟ್ಟಾಗ ಡಾಕ್ಟರರು ಕೊಟ್ಟ ಆ ಮಾತ್ರೆ ಅವರನ್ನು ಎಬ್ಬಿಸಿ ಕೂರಿಸಿತು. ಬಾಟ್ಲಿ ತಳ ಕಂಡಾಗ ಕೊನೆಯದನ್ನು ಅವರು ನುಂಗಲಿಲ್ಲ. ಸೌತೆಕಾಯಿಯನ್ನು ಬೀಜಕ್ಕೆಂದು ಬಾಳೆನಾರಿನ ಬಳ್ಳಿಯಲ್ಲಿ ಕಟ್ಟಿ ತೂಗುಹಾಕುವ ಹಾಗೆ, ಅದನ್ನೂ ಬೀಜಕ್ಕೆ ಎಂದು ಇಟ್ಟರು. ಬೇಕಾದಾಗ ಆ ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ಬಸ್ಸಿನ ಕಂಡಕ್ಟರರ ಕೈಗೆ ಕೊಡುವುದು. ಅವರು ದೂರದ ಬಿ.ಸಿ.ರೋಡು ಪೇಟೆಯ ಮದ್ದಿನಂಗಡಿಯಲ್ಲಿ ತೋರಿಸಿ ಅಂಥದ್ದನ್ನೇ ತರುವುದು. ಬೆಳ್ತಂಗಡಿಯ ಅಂಗಡಿಯವರು ಡಾಕ್ಟರರ ಚೀಟಿ ಕೇಳುತ್ತಿದ್ದರು, ಬಿ.ಸಿ.ರೋಡಿನವರು ಬಣ್ಣ ಮಾತ್ರ ನೋಡುತ್ತಿದ್ದರು. ಕ್ರಮೇಣ ಸುತ್ತಲಿನ ಮನೆಗಳಲ್ಲೆಲ್ಲ ಅದೇ ಪದ್ಧತಿಯಾಯಿತು. ರೋಗ ಯಾವುದೇ ಇರಲಿ, ಮಾತ್ರೆ ಪೂರ್ತಿ ಮುಗಿಸುವಂತಿಲ್ಲ.

ಒಂದು ಬೇಸಗೆ ರಜೆಯಿಡೀ ನಾವು ಹೊಳೆಯ ಗುಂಡಿಯಲ್ಲಿ ಬಿದ್ದುಕೊಂಡಿದ್ದೆವು. ಹಸಿವಾದರೆ ಮನೆಗೆ ಓಡಿ ಗಂಜಿ, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ. ಘಾಟಿ ಇಳಿದು ಬರುವ ಬಸ್ಸು ಯಾವುದೆಂದು ತಿರುವಿನಲ್ಲಿ ಕಾಣುವ ಮೊದಲೇ ಹೇಳುವುದು ನಮ್ಮ ಆಟ. ನನ್ನ ತಮ್ಮ ಆನಂದನನ್ನು ಅದರಲ್ಲಿ ಯಾರೂ ಸೋಲಿಸಿದ್ದಿಲ್ಲ. ಅವನ ಕಿವಿ ಅಷ್ಟು ಚುರುಕು.

ಒಂದು ಸಂಜೆ ಅವನಿಗೆ ಎಡಕಿವಿ ನೋವು ಶುರುವಾಯಿತು. ದೊಡ್ಡಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು, ಮನೆಯೆಲ್ಲ ಅದರದೇ ಘಾಟು. ಕೀವು ಬಂದಾಗ ಬಣ್ಣದ ಮಾತ್ರೆ ಬಿಡಿಸಿ, ಒಳಗಿನ ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕಿಸಿದರು. ನೋವು ಹೋಯಿತು, ಮದ್ದು ನಿಂತಿತು, ಆನಂದ ಮತ್ತೆ ಹೊಳೆಗೆ ಹಾರಿದ. ಪುನಃ ನೋವು ಬಂತು, ಪುನಃ ಸ್ವಲ್ಪ ಪುಡಿ ನೆಕ್ಕಿಸಿ ನಿಲ್ಲಿಸಿದ್ದಾಯಿತು. ಶಾಲೆ ಶುರುವಾಗುವ ಹೊತ್ತಿಗೆ ಅವನ ತಲೆದಿಂಬು ನಾರುತ್ತಿತ್ತು. ಬಸ್ಸಿನ ಆಟದಲ್ಲಿ ನನಗೂ ಸೋಲತೊಡಗಿದ. ಮೊದಲು ನನಗೆ ಖುಷಿಯಾಯಿತು, ಆಮೇಲೆ ಹೆದರಿಕೆಯಾಯಿತು.

ಅಪ್ಪ ಅವನನ್ನು ಬೆಳ್ತಂಗಡಿಗೆ ಕರೆದುಕೊಂಡು ಹೊರಟಾಗ ದೊಡ್ಡಮ್ಮನೂ ನಾನೂ ಜೊತೆಗೆ ಹೋದೆವು. ಮದ್ದು ಕೊಟ್ಟವರು ಯಾರೆಂದು ಡಾಕ್ಟರರು ಕೇಳಿದರೆ, ದೊಡ್ಡಮ್ಮ ಅಂಜದೆ ತಾನೇ ಎಂದರು. ಮತ್ತೆ ನಡುವಲ್ಲಿ ನಿಲ್ಲಿಸಿದ್ದು ಯಾಕೆ ಎಂಬ ಪ್ರಶ್ನೆ ಬಂತು.

“ನೋವು ಹೋಯಿತಲ್ಲ, ಡಾಕ್ಟ್ರೆ. ಎಲ್ಲ ತಿಂದು ಮುಗಿಸಿದರೆ ನಾಳೆಗೆ ಎಂಥ ಉಂಟು?”

ಎಲ್ಲರನ್ನೂ ಬೈಯುವ ಡಾಕ್ಟರರು ಆ ದಿನ ಬೈಯಲಿಲ್ಲ. “ಅದು ನಿಮ್ಮ ಎದೆಗೆ ಕೊಟ್ಟ ಮದ್ದು, ಅಮ್ಮ. ಇವನ ಕಿವಿಗೆ ಅಲ್ಲ,” ಎಂದರು. “ಕಿವಿಯ ತಮಟೆ ಹೋಗಿ, ಕೀವು ಒಳಗಿನವರೆಗೂ ಇಳಿದಿದೆ. ಈ ಕಿವಿ ಇನ್ನು ಕೇಳ್ಲಿಕ್ಕಿಲ್ಲ.”

ದೊಡ್ಡಮ್ಮನನ್ನು ದಡ್ಡಿ ಎಂದರೆ ನಾನು ಇವತ್ತಿಗೂ ಒಪ್ಪುವುದಿಲ್ಲ. ಸಾವಿನ ಬಾಗಿಲಿನಿಂದ ತನ್ನನ್ನು ಎಳೆದು ತಂದ ಮದ್ದನ್ನು ಮನೆಯ ಮಗುವಿಗೆ ಕೊಡದೆ ಇನ್ನಾರಿಗೆ ಕೊಡಬೇಕಿತ್ತು? ಈಗ ಮೂಡುಬಿದಿರೆಯಲ್ಲಿ ನಮ್ಮ ಮನೆಯ ಕೆಳಗೇ ಮೆಡಿಕಲ್ ಇದೆ, ಎದುರಿಗೇ ಡಾಕ್ಟರರಿದ್ದಾರೆ. ಆದರೂ ಓದಿದವರೇ ಫೋನಿನಲ್ಲಿ ಹಳೆಯ ಮಾತ್ರೆಯ ಫೋಟೋ ತೋರಿಸಿ ಅದನ್ನೇ ಕೊಡಿ ಎನ್ನುತ್ತಾರೆ. ದೊಡ್ಡಮ್ಮನಿಗಿದ್ದ ಕಾರಣ ಇವರಿಗಿಲ್ಲ.

ಆ ದಿನದಿಂದ ದೊಡ್ಡಮ್ಮ ಯಾರಿಗೂ ಮಾತ್ರೆ ಕೊಡಲಿಲ್ಲ. ಸಾಯುವವರೆಗೂ ಊಟಕ್ಕೆ ಆನಂದನ ಬಲಗಡೆ, ಕೇಳುವ ಕಿವಿಯ ಪಕ್ಕದಲ್ಲೇ ಕುಳಿತು, ಎಲ್ಲರ ಗದ್ದಲದಲ್ಲಿ ಅವನಿಗೆ ತಪ್ಪಿಹೋದ ಮಾತನ್ನು ಇನ್ನೊಮ್ಮೆ ಹೇಳುತ್ತಿದ್ದರು. ಅವರು ಹೋದ ಮೇಲೆ ನಾವ್ಯಾರೂ ಆ ಕೆಲಸ ಮಾಡಲಿಲ್ಲ. ಆನಂದ ಈಗ ನಾವು ನಗುವುದನ್ನು ನೋಡಿ ನಗುತ್ತಾನೆ.