ಆರರ ಮೇಲೊಂದು ಗೆರೆ

ಕ್ಯಾಪ್ಟನ್ನರ ಬಲಗೈಯ ಕಿರುಬೆರಳು ಉಳಿದ ನಾಲ್ಕರ ಜೊತೆ ಎಂದೂ ಹೊಂದಿಕೊಂಡದ್ದಲ್ಲ. ಎಷ್ಟೋ ವರ್ಷಗಳ ಹಿಂದೆ ಯಾರದೋ ಹೊಡೆತ ತಡೆಯಲು ಹೋಗಿ ಮುರಿದದ್ದು, ಕೂಡಿಕೊಳ್ಳುವಾಗ ಹೊರಕ್ಕೆ ತಿರುಗಿ ಕೂಡಿಕೊಂಡಿತಂತೆ. ಅವರು ಕೈ ಚಾಚಿ ಯಾರಿಗಾದರೂ ದಾರಿ ತೋರಿಸಿದರೆ ಆ ಬೆರಳು ಬೇರೊಂದು ದಾರಿ ತೋರಿಸುತ್ತದೆ. ಕೊಯಮತ್ತೂರು ಗಾಂಧಿಪುರಂನ ನನ್ನ ಅಂಗಡಿಯಿಂದ ಏಳು ಆಟದ ಬನಿಯನ್‌ಗಳ ಕಟ್ಟನ್ನು ಅವರು ಎತ್ತಿಕೊಂಡಾಗ ನಾನು ನೋಡುತ್ತಿದ್ದದ್ದು ಆ ಬೆರಳನ್ನೇ. ಮುಖ ನೋಡುವ ಧೈರ್ಯ ಇರಲಿಲ್ಲ.

ಏನೇನು ಕೆಡಬಹುದು ಎಂದು ಅಷ್ಟರಲ್ಲಿ ಲೆಕ್ಕ ಹಾಕಿ ಮುಗಿಸಿದ್ದೆ. ಬೆವರಿಗೆ ಬಣ್ಣ ಬಿಟ್ಟು ಏಳು ಜನರ ಬೆನ್ನೂ ಹೋಳಿ ಆಡಿದಂತಾಗಬಹುದು. ಇವನ್ನು ಹಾಕಿಕೊಂಡು ಆಡುವಂತಿಲ್ಲ ಎಂದು ರೆಫರಿ ಹೊರಗೆ ಕಳಿಸಬಹುದು. ಜನ ಕಲ್ಲೆಸೆಯಬಹುದು, ಕಲ್ಲೆಸೆಯದೆ ನಗಬಹುದು, ಅದು ಇನ್ನೂ ಕಷ್ಟ. ಯಾರೋ ಫೋನಿನಲ್ಲಿ ಹಿಡಿದ ವಿಡಿಯೋ ಊರೆಲ್ಲ ಸುತ್ತಿ ತಿರುಪ್ಪೂರಿನ ನನ್ನ ಅತ್ತೆಯ ಮನೆ ವಾಟ್ಸಾಪ್ ಗುಂಪಿಗೆ ಬಂದು ಬೀಳಬಹುದು. ಮಳೆ ಬರಬಹುದು. ಮಳೆ ಬರದೆ ಆಟ ನಡೆದೇ ಬಿಡಬಹುದು. ಮಗ ಬಾರದೆ ಇರಬಹುದು. ಬಂದು, ಸರ್ವನ್ನು ಮತ್ತೆ ನೆಟ್ಟಿಗೆ ಹೊಡೆದು, ಇನ್ನೆಂದೂ ಚೆಂಡು ಮುಟ್ಟದೆ ಇರಬಹುದು.

“ಏನುಂಗಣ್ಣಾ, ಪಟ್ಟಿ ಮುಗೀತಾ?” ಎಂದರು ಕ್ಯಾಪ್ಟನ್.

‘ಏನುಂಗ’ ಎನ್ನುವುದು ಕೊಯಮತ್ತೂರಿನ ಮರ್ಯಾದೆ. ಅವರ ಪ್ರತಿ ಮಾತೂ ಅಲ್ಲಿಂದ ಹೊರಟು ಮನೆಗನ್ನಡಕ್ಕೆ ಬಂದು ಸೇರುತ್ತದೆ. ನನಗೆ ಅವರಿಟ್ಟ ಹೆಸರು ‘ಕವಲೈ ಅಣ್ಣ’. ಕವಲೈ ಎಂದರೆ ತಮಿಳಿನಲ್ಲಿ ಚಿಂತೆ. ನನಗಿಂತ ಹತ್ತು ವರ್ಷ ಚಿಕ್ಕವರು, ನಲವತ್ತು ದಾಟಿದ್ದಾರೆ. ಪೆರಿಯನಾಯಕನಪಾಳ್ಯಂನ ಒಂದು ಪಂಪ್ ವರ್ಕ್‌ಶಾಪ್‌ನಲ್ಲಿ ಫಿಟ್ಟರ್. ಸಂಜೆ ಐದೂವರೆಯ ಮೇಲೆ ವಾಲಿಬಾಲ್. ಈ ಬರಹವನ್ನು ಅವರು ಓದಲಾರರು. ನಮ್ಮಂಥ ಮಗ್ಗದ ಮನೆಗಳಲ್ಲಿ ಕನ್ನಡ ಬಾಯಲ್ಲಿ ಉಳಿದಿದೆ, ಕಣ್ಣಿಗೆ ಬರುವುದಿಲ್ಲ. ನನಗೆ ನಾಲ್ಕಕ್ಷರ ಬಂದದ್ದು ತಾಳವಾಡಿಯ ಅಜ್ಜಿ ಮನೆಯಲ್ಲಿದ್ದು ಅಲ್ಲಿನ ಕನ್ನಡ ಶಾಲೆಗೆ ಹೋದ ಪುಣ್ಯ. ಓದಲಾರರು ಎಂಬ ಧೈರ್ಯದ ಮೇಲೆಯೇ ಇಷ್ಟು ಹೊಗಳುತ್ತಿದ್ದೇನೆ.

ಭಾನುವಾರ ಅವರ ಮನೆಯ ಕಾಂಪೌಂಡ್ ಮೇಲೆ ವಾಲಿಬಾಲ್ ನೆಟ್ ಸೀರೆಯ ಹಾಗೆ ಒಣಗುತ್ತಿರುತ್ತದೆ. ಹರಿದ ಕಣ್ಣುಗಳನ್ನು ತಾವೇ ಕೂತು ಕೂಡಿಸುತ್ತಾರೆ, ಮಗ್ಗದಲ್ಲಿ ಎಳೆ ತುಂಡಾದಾಗ ಅವರಪ್ಪ ಹಾಕುತ್ತಿದ್ದ ಗಂಟಿನಿಂದ. ಬೆರಳಾಡಿಸಿದರೂ ಗಂಟು ಎಲ್ಲಿದೆ ಎಂದು ತಿಳಿಯುವುದಿಲ್ಲ. ಮಂಡಿಗೆ ಹಾಕುವ ಪಟ್ಟಿ ಆಟ ಶುರುವಾದ ಹತ್ತು ನಿಮಿಷಕ್ಕೆ ಪಾದಕ್ಕೆ ಇಳಿದಿರುತ್ತದೆ, ಎಳೆದುಕೊಳ್ಳುವುದಿಲ್ಲ. ಯಾವ ಕಷ್ಟ ಹೇಳಿದರೂ ಅವರ ಉತ್ತರ ಒಂದೇ: “ಶರಿ, ಅಡುತ್ತ ಬಾಲ್.” ಸರಿ, ಮುಂದಿನ ಚೆಂಡು ಎಂದು ಅರ್ಥ. ತಮ್ಮ ತಾಯಿ ತೀರಿಕೊಂಡ ಹದಿನಾರನೇ ದಿನದ ಊಟದಲ್ಲಿ ಕೈ ತೊಳೆಯುವಾಗ ಅದನ್ನೇ ಹೇಳಿಕೊಂಡದ್ದನ್ನು ನಾನು ಕೇಳಿದ್ದೇನೆ. ನಾನಾದರೆ ಹಿಂದಿನ ಚೆಂಡನ್ನು ಇನ್ನೂ ಹುಡುಕುತ್ತಿರುತ್ತೇನೆ.

ಇನ್ನು ಒಂಬತ್ತು ಎಂಬ ಅಂಕಿಯ ವಿಷಯ. ತಮಿಳಿನಲ್ಲಿ ಅದು ‘ಒಂಬೋದು’. ನಡಿಗೆಯಲ್ಲಿ ಮಾತಿನಲ್ಲಿ ಹೆಣ್ಣಿನ ಛಾಯೆಯಿರುವ ಗಂಡಸರನ್ನು, ಗಂಡಾಗಿ ಬೆಳೆಸಿದರೂ ಹೆಣ್ಣಾಗಿ ಬದುಕುವವರನ್ನು ಹೀಯಾಳಿಸಬೇಕಾದರೆ ನಮ್ಮ ಬೀದಿಗಳಲ್ಲಿ ಆ ಅಂಕಿಯನ್ನು ಕೂಗುತ್ತಾರೆ. ಹಾಗಾಗಿ ಆಟದ ತಂಡಗಳು ಎಂಟಾದ ಮೇಲೆ ಹತ್ತಕ್ಕೆ ಹಾರುತ್ತವೆ. ಬನಿಯನ್‌ಗಳಿಗೆ ನಂಬರು ಹಾಕುವುದು ಇಪ್ಪತ್ತೆರಡು ವರ್ಷಗಳಿಂದ ನನ್ನ ಕಸುಬು. ಅಂಕಿಗೊಂದು ಸ್ಕ್ರೀನ್, ಮರದ ಚೌಕಟ್ಟಿಗೆ ಬಿಗಿದ ಜಾಲರಿ, ಮೇಲೆ ಬಣ್ಣ ಎಳೆದರೆ ಕೆಳಗೆ ಅಂಕಿ ಮೂಡುತ್ತದೆ. ಸೊನ್ನೆಯಿಂದ ಎಂಟರವರೆಗೆ ಒಟ್ಟು ಒಂಬತ್ತು ಸ್ಕ್ರೀನ್‌ಗಳು ಗೋಡೆಯ ಮೇಲಿದ್ದವು. ಒಂಬತ್ತರದ್ದು ಮಾತ್ರ ಇರಲಿಲ್ಲ. ಎಲ್ಲೋ ಒಬ್ಬ ಹತ್ತೊಂಬತ್ತು ಕೇಳಿದರೆ ಆರರ ಸ್ಕ್ರೀನನ್ನೇ ತಲೆಕೆಳಗು ಮಾಡಿ ಎಳೆಯುತ್ತಿದ್ದೆ. ಅದು ಜಾಣತನ ಎಂದುಕೊಂಡಿದ್ದೆ.

ನನ್ನ ಮಗನನ್ನು ಆ ಪದದಿಂದ ಮೊದಲು ಕರೆದದ್ದು ಆರನೇ ಕ್ಲಾಸಿನಲ್ಲಿ. ಮನೆಗೆ ಬಂದು ಅರ್ಥ ಕೇಳಿದ. “ಎಂಟಾದ ಮೇಲೆ ಬರೋದು” ಎಂದೆ.

ಇಪ್ಪತ್ತಮೂರನೇ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ಇಡ್ಲಿ ತಿನ್ನುತ್ತ, ತನಗೆ ಮನಸ್ಸಾಗುವುದು ಗಂಡಸರ ಮೇಲೆ, ಹೆಣ್ಣು ಹುಡುಕುವ ಮಾತು ಬೇಡ ಎಂದು ಅವನೇ ಹೇಳಿದ. ನಾನು “ಚಟ್ನಿ ಹಾಕ್ಕೋ” ಎಂದೆ. ಹೆಂಡತಿ ಅವನ ತಲೆ ಸವರಿ ಇನ್ನೆರಡು ಇಡ್ಲಿ ಹಾಕಿದಳು. ಅವನು ಹೋದ ಮೇಲೆ, “ನನ್ಗೆ ಯಾವಾಗ್ಲೋ ಗೊತ್ತು. ನಿಮ್ಗೆ ಹೇಳಿದ್ರೆ ಬಿಪಿ ಏರ್ತದೆ ಅಂತ ಸುಮ್ನಿದ್ದೆ” ಎಂದಳು. ಅದೇ ವಾರ ತಂಡದವರಿಗೂ ಹೇಳಿದನಂತೆ. ಅವನು ಕ್ಯಾಪ್ಟನ್ನರ ವರ್ಕ್‌ಶಾಪ್‌ನಲ್ಲೇ ಕೆಲಸ ಮಾಡುತ್ತಾನೆ, ಅವರ ತಂಡದಲ್ಲೇ ಲಿಫ್ಟರ್, ಅಂದರೆ ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು. ಕ್ಯಾಪ್ಟನ್ ಪೂರ್ತಿ ಕೇಳಿಸಿಕೊಂಡು, ಅವನ ಭುಜ ಒತ್ತಿ, “ಶರಿ, ಅಡುತ್ತ ಬಾಲ್” ಎಂದರಂತೆ.

ಗುಟ್ಟು ಯಾರು ಬಿಟ್ಟರೋ, ಮೈದಾನಗಳಿಗೆ ಹಬ್ಬಿತು. ತೊಂಡಾಮುತ್ತೂರು ಕಡೆ ಒಂದು ಆಟಕ್ಕೆ ನಾನೂ ಹೋಗಿದ್ದೆ, ಬೇವಿನ ಮರದ ಕೆಳಗೆ ನಿಂತಿದ್ದೆ. ಮಗ ಸರ್ವ್ ಮಾಡಲು ಚೆಂಡು ಹಿಡಿದದ್ದೇ ತಡ, ಎದುರು ತಂಡದ ಕಡೆಯವರು “ಒಂಬೋದು, ಒಂಬೋದು” ಎಂದು ಚಪ್ಪಾಳೆ ತಟ್ಟಿ ಶುರು ಮಾಡಿದರು. ಸರ್ವ್ ನೆಟ್ಟಿಗೆ ಬಿತ್ತು. ಮುಂದಿನ ಸಲವೂ ಬಿತ್ತು. ಪಕ್ಕದಲ್ಲಿ ನಿಂತಿದ್ದವನೊಬ್ಬ ನಗುತ್ತ, “ನಿಮ್ಮವರು ಯಾರಾದರೂ ಆಡುತ್ತಿದ್ದಾರಾ?” ಎಂದು ಕೇಳಿದ. “ಇಲ್ಲ, ಸುಮ್ಮನೆ ಬಂದೆ” ಎಂದೆ.

ಆ ಮಾತು ನನ್ನ ಬಾಯಲ್ಲಿ ಇನ್ನೂ ಇದ್ದಾಗಲೇ ಕ್ಯಾಪ್ಟನ್ ರೆಫರಿಯ ಬಳಿ ಹೋದರು. ಕೂಗು ನಿಲ್ಲಿಸಿ ಆಟ ನಡೆಸಿ ಎಂದು ಕೇಳಿದರು. ರೆಫರಿ, ಜನ ಸುಮ್ಮನೆ ತಮಾಷೆಗೆ ಕೂಗುತ್ತಾರೆ, ಆಡಿ ಎಂದ. ಕ್ಯಾಪ್ಟನ್ ವಾಪಸು ಬಂದು, ಚೆಂಡನ್ನು ಕಂಕುಳಲ್ಲಿಟ್ಟುಕೊಂಡು, ಅಂಕಣದ ನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಒಬ್ಬೊಬ್ಬರಾಗಿ ಉಳಿದವರೂ ಕೂತರು. ಕೊನೆಗೆ ನಿಂತಿದ್ದವನು ನನ್ನ ಮಗನೊಬ್ಬನೇ. ಕ್ಯಾಪ್ಟನ್ ಪಕ್ಕದ ಮಣ್ಣನ್ನು ಕೈಯಿಂದ ಒರೆಸಿ ಅವನಿಗೂ ಜಾಗ ಮಾಡಿದರು. ಆಟ ಎದುರಾಳಿಗೆ ಹೋಯಿತು. ಬಸ್ಸಿನಲ್ಲಿ ನಾನು, “ಗೆಲ್ಲೋ ಆಟ ಕೊಟ್ಬಿಟ್ರಲ್ಲ” ಎಂದೆ, ಬೇರೇನು ಹೇಳಬೇಕೆಂದು ತಿಳಿಯದೆ.

“ಏನುಂಗಣ್ಣಾ ನೀವು. ನಾನ್ ಹೊಡ್ದಿದ್ದನ್ನ ಊರೆಲ್ಲ ನೋಡ್ತದೆ. ಎತ್ತಿ ಕೊಟ್ಟೋನು ಯಾರು ಅಂತ ನನ್ಗೆ ತಾನೇ ಗೊತ್ತು?”

ಆದರೆ ಮಗ ಮಾರನೆಯ ದಿನದಿಂದ ಆಡಲು ಹೋಗಲಿಲ್ಲ. ಶೂಗಳನ್ನು ತೊಳೆದು, ಒಣಗಿಸಿ, ಬೀರುವಿನ ಮೇಲಿಟ್ಟ. ಹತ್ತನೇ ವಯಸ್ಸಿನಿಂದ ಒಂದು ಸಂಜೆಯೂ ತಪ್ಪಿಸದವನು ಸಂಜೆ ಐದೂವರೆಗೆ ಟೀವಿ ಮುಂದೆ ಕೂರತೊಡಗಿದ. ಮೂರು ವಾರ ಹಾಗೆ ಹೋಯಿತು. ಆಗ ಕ್ಯಾಪ್ಟನ್ ನನ್ನ ಅಂಗಡಿಗೆ ಬಂದರು.

“ಏಳು ಬನಿಯನ್ ಬೇಕುಂಗಣ್ಣಾ. ನಂಬರು ಬರ್ಕೊಳ್ಳಿ. ಒಂಬತ್ತು, ಹತ್ತೊಂಬತ್ತು, ಇಪ್ಪತ್ತೊಂಬತ್ತು...”

ಅರವತ್ತೊಂಬತ್ತರವರೆಗೆ ಹೇಳಿದರು. ನಾನು ಪೆನ್ನು ಕೆಳಗಿಟ್ಟೆ.

“ಎಲ್ಲಾ ಬೇರೆ ಬೇರೆ ನಂಬರು ತಾನೇ? ರೂಲ್ ಪ್ರಕಾರ ಏನೂ ತಪ್ಪಿಲ್ಲ. ಒಂಬೋದು ಅಂತ ಕೂಗಿದ್ರೆ ಯಾರನ್ನ ಕೂಗಿದ್ರು ಅಂತ ಅವ್ರೇ ಯೋಚ್ನೆ ಮಾಡ್ಲಿ. ಬರೀ ಒಂಬತ್ತು ನನ್ಗೆ.”

“ಉಳಿದವ್ರು ಒಪ್ಪಿದ್ರಾ?”

“ಒಬ್ನಿಗೆ ಹೆಣ್ಣು ನೋಡ್ತಿದಾರೆ, ಬೇಡ ಅಂದ. ‘ಬೆನ್ನು ನೋಡಿ ಯಾರಪ್ಪಾ ಹೆಣ್ಣು ಕೊಡೋದು, ಮೊದ್ಲು ನಿನ್ ಮೊಕ ಸರಿ ಮಾಡ್ಕೋ’ ಅಂದೆ. ಮೂವತ್ತೊಂಬತ್ತು ತಗೊಂಡ.”

“ಮತ್ತೆ ನಮ್ಮವನು?”

ಕ್ಯಾಪ್ಟನ್ ಗೋಡೆಯ ಮೇಲಿನ ಸ್ಕ್ರೀನ್‌ಗಳ ಕಡೆ ತಿರುಗಿದರು.

“ಅವನ್ನ ಕೇಳ್ದೇ ಬರ್ತೀನಾ? ಕೇಳ್ದೆ, ನಕ್ಕ. ಆಮೇಲೆ ಹೇಳ್ದ, ‘ನಮ್ಮಪ್ಪ ಪ್ರಿಂಟ್ ಮಾಡಿ ಕೊಟ್ರೆ ಬರ್ತೀನಿ’ ಅಂತ. ಮಾಡಲ್ಲ ಅಂತ ಅವನ್ಗೆ ನಂಬಿಕೆ.”

ನನ್ನ ಮಗ ನನ್ನನ್ನು ಚೆನ್ನಾಗಿ ಬಲ್ಲ. ಅದಕ್ಕೇ ಅಂದು ಮಧ್ಯಾಹ್ನ ಶಟರ್ ಅರ್ಧ ಎಳೆದು ಕೆಲಸಕ್ಕೆ ಕೂತೆ. ಬಣ್ಣ ಎರಡು ಸಲ ಕಲಸಿದೆ, ಚಿಂದಿ ಬಟ್ಟೆಯ ಮೇಲೆ ಎಳೆದು ಒಗೆದು ನೋಡಿದೆ, ತಂಡದ ಹೆಸರಿನ ಅಕ್ಷರಗಳನ್ನು ನಾಲ್ಕು ಸಲ ಎಣಿಸಿದೆ. ಆರರ ಸ್ಕ್ರೀನನ್ನು ತಲೆಕೆಳಗು ಮಾಡಿ ಒಂದೊಂದೇ ಒಂಬತ್ತನ್ನು ಎಳೆದೆ. ಎಲ್ಲ ಮುಗಿದ ಮೇಲೆ ಮೇಜಿನ ಮೇಲೆ ಹರಡಿ ಪರೀಕ್ಷಿಸಿದೆ. ಸರಿಯಾಗಿತ್ತು. ಮೈದಾನಕ್ಕೆ ಹೋಗುವವರೆಗೂ ಸರಿಯಾಗಿದೆ ಎಂದೇ ನಂಬಿದ್ದೆ.

ಆಟದ ದಿನ ಪೆರಿಯನಾಯಕನಪಾಳ್ಯಂನ ಮೈದಾನ, ಎದುರಿಗೆ ಅದೇ ತೊಂಡಾಮುತ್ತೂರು ಕಡೆಯ ತಂಡ. ಮೈಕಿನಲ್ಲಿ ಆಟಗಾರರನ್ನು ಕರೆಯುವವನಿಗೆ ಕ್ಯಾಪ್ಟನ್ ಪಟ್ಟಿ ಕೊಟ್ಟಿದ್ದರು, ದೊಡ್ಡ ನಂಬರಿನಿಂದ ಇಳಿದು ಬರುವ ಹಾಗೆ. “ಅರುಬತ್ತೊಂಬೋದು” ಎಂದಾಗ ಅಲ್ಲೊಂದು ಇಲ್ಲೊಂದು ನಗು. “ಅಂಬತ್ತೊಂಬೋದು” ಎಂದಾಗ ಮೈದಾನವೇ ನಕ್ಕಿತು, ನನ್ನ ಕಾಲುಗಳು ಬಸ್ ಸ್ಟಾಪಿನ ಕಡೆಗೆ ತಿರುಗಿದವು. “ನಾಪ್ಪತ್ತೊಂಬೋದು.” ಮೈಕಿನವನಿಗೇ ಸಾಕಾಗಿತ್ತು. “ಮುಪ್ಪತ್ತೊಂಬೋದು” ಹೊತ್ತಿಗೆ ಮಕ್ಕಳು ಮಗ್ಗಿ ಹೇಳುವಂತೆ ಜೊತೆಗೆ ಹೇಳತೊಡಗಿದವು. “ಇರುಪತ್ತೊಂಬೋದು” ಬರೀ ಒಂದು ನಂಬರಾಗಿ ಕೇಳಿಸಿತು. ಪದ ಸವೆಯಲು ಐದು ಬೆನ್ನು ಬೇಕಾಯಿತು. ಆರನೆಯದಾಗಿ “ಪತ್ತೊಂಬೋದು” ಎಂದಾಗ ನನ್ನ ಮಗ ಓಡಿ ಬಂದ, ಬೀರುವಿನ ಮೇಲಿನ ಶೂ ಹಾಕಿಕೊಂಡು. ಯಾರೂ ನಗಲಿಲ್ಲ.

ಮೊದಲ ಸೆಟ್ಟಿನ ನಡುವೆ ಅವನು ಸರ್ವಿಗೆ ನಿಂತಾಗ, ಹಿಂದಿನಿಂದ ಒಬ್ಬ ಹಳೆಯ ಚಾಳಿಯಲ್ಲಿ “ಏಯ್, ಒಂಬೋದು” ಎಂದ. ಅಂಕಣದಲ್ಲಿದ್ದ ಆರು ಜನ, ಹೊರಗೆ ಬೆಂಚಿನ ಮೇಲಿದ್ದ ಒಬ್ಬ, ಏಳೂ ಜನ ಹಾಜರಿ ಹೇಳುವಂತೆ ಕೈ ಎತ್ತಿದರು. ಎಂಟನೆಯ ಕೈ ನನ್ನದು. ಪೂರ್ತಿ ಎತ್ತಲಿಲ್ಲ, ಕಿವಿ ಕೆರೆದುಕೊಳ್ಳುತ್ತಿದ್ದೇನೆ ಎಂದು ಹೇಳಬಹುದಾದಷ್ಟು ಎತ್ತಿದೆ. ಮಗ ನೋಡಿದನೋ ಇಲ್ಲವೋ ಕೇಳಿಲ್ಲ. ಸರ್ವ್ ಮಾತ್ರ ನೆಟ್ಟನ್ನು ಸವರಿಕೊಂಡು ಆಚೆ ಬಿತ್ತು.

ಪಕ್ಕದವರು ಯಾರೂ ನನ್ನನ್ನು ಏನೂ ಕೇಳಲಿಲ್ಲ. ನಾನಾಗಿಯೇ, “ಸರ್ವ್ ಮಾಡಿದ್ದು ನನ್ನ ಮಗ” ಎಂದೆ. ಹೌದಾ ಎನ್ನುವ ಹಾಗೆ “ಅಪ್ಪಡಿಯಾ” ಎಂದು ಅವರು ಕಡಲೆಕಾಯಿ ಕೊಟ್ಟರು.

ಐದನೇ ಸೆಟ್ಟಿನಲ್ಲಿ ಎರಡು ಪಾಯಿಂಟಿಗೆ ಸೋತೆವು. ಎದುರು ತಂಡದ ಕ್ಯಾಪ್ಟನ್ ನೆಟ್ಟಿನ ಕೆಳಗೆ ನುಗ್ಗಿ ಬಂದು ನನ್ನ ಮಗನ ಕೈ ಕುಲುಕಿದ. ಬಣ್ಣ ಬಿಡಲಿಲ್ಲ. ಮಳೆ ಬರಲಿಲ್ಲ. ವಿಡಿಯೋ ಅತ್ತೆಯ ಮನೆ ಗುಂಪಿಗೆ ಬಂದದ್ದು ನಿಜ. ಹುಡುಗ ಸೊರಗಿದ್ದಾನೆ, ಸರಿಯಾಗಿ ಊಟ ಹಾಕಿ ಎಂದು ಅತ್ತೆ ಫೋನು ಮಾಡಿದರು. ಮಗ ಮಾರನೆಯ ಸಂಜೆ ಐದೂವರೆಗೆ ಮೈದಾನದಲ್ಲಿದ್ದ, ಇಂದಿಗೂ ಇರುತ್ತಾನೆ.

ಕೆಟ್ಟದ್ದು ಒಂದೇ. ಅರವತ್ತೊಂಬತ್ತರಲ್ಲಿ ಒಂಬತ್ತನ್ನು ಎಳೆದಾದ ಮೇಲೆ ಆರಕ್ಕಾಗಿ ಸ್ಕ್ರೀನನ್ನು ನೇರ ಮಾಡಿದ್ದೆ. ಆಮೇಲೆ ಉಳಿದದ್ದು ಕ್ಯಾಪ್ಟನ್ನರದ್ದು. ಸ್ಕ್ರೀನನ್ನು ಮತ್ತೆ ತಿರುಗಿಸುವುದು ಮರೆತೆ. ಪರೀಕ್ಷಿಸುವಾಗ ಆ ಒಂದು ಬನಿಯನ್ ಕೊರಳು ನನ್ನ ಕಡೆಗಿದ್ದು ಬಿದ್ದಿತ್ತು, ನನ್ನ ಕಡೆಯಿಂದ ಅದು ಒಂಬತ್ತೇ. ಮೈಕಿನವನು ಏಳನೆಯದಾಗಿ “ಒಂಬೋದು, ಕ್ಯಾಪ್ಟನ್” ಎಂದಾಗ ಅವರು ಬಂದು ಜನರಿಗೆ ಬೆನ್ನು ತೋರಿಸಿದರು. ಬೆನ್ನ ಮೇಲೆ ದೊಡ್ಡದಾಗಿ ಆರು.

ರೆಫರಿ ಪಟ್ಟಿ ನೋಡಿದ, ಬೆನ್ನು ನೋಡಿದ. ಕ್ಯಾಪ್ಟನ್ ಕತ್ತು ತಿರುಗಿಸಿ ಬನಿಯನ್ ಎಳೆದು ನೋಡಿಕೊಂಡು, ಸ್ಕೋರ್ ಬರೆಯುವವನ ಮಾರ್ಕರ್ ಪೆನ್ನು ಇಸಿದುಕೊಂಡು, ನೇರ ನನ್ನ ಬಳಿ ಬಂದರು. “ಏನುಂಗಣ್ಣಾ, ಆರರ ತಲೆ ಮೇಲೆ ಒಂದು ಗೆರೆ ಎಳೀರಿ. ತಂಬೋಲಾ ಕಾಯಲ್ಲಿ ಇರಲ್ವಾ, ಗೆರೆ ಇರೋ ಕಡೆ ಬುಡ ಅಂತ.” ಎಳೆದೆ. ರೆಫರಿ ತಲೆ ವಾಲಿಸಿ ನೋಡಿ, ನಕ್ಕು, ಸೀಟಿ ಊದಿದ.

ಈಗ ನನ್ನ ಗೋಡೆಯ ಮೇಲೆ ಒಂಬತ್ತಕ್ಕೆ ಅದರದೇ ಸ್ಕ್ರೀನ್ ಇದೆ. ಹೊಸ ಬನಿಯನ್ ಮಾಡಿ ಕೊಡುತ್ತೇನೆ ಎಂದು ಎಷ್ಟೋ ಸಲ ಕೇಳಿದ್ದೇನೆ, ಕ್ಯಾಪ್ಟನ್ ಒಪ್ಪುವುದಿಲ್ಲ. ಒಗೆದೂ ಒಗೆದೂ ಮಾರ್ಕರ್ ಬಣ್ಣ ಹೋಗುತ್ತದೆ. ಪ್ರತಿ ಪಂದ್ಯಕ್ಕೆ ಮುಂಚೆ ಅದೇ ಬನಿಯನ್ ಹಾಕಿಕೊಂಡು ಅಂಗಡಿಗೆ ಬರುತ್ತಾರೆ. “ಗೆರೆ ಹೋಗಿದೆ ಅಣ್ಣಾ” ಎಂದು ಬೆನ್ನು ತಿರುಗಿಸಿ ನಿಲ್ಲುತ್ತಾರೆ. ನಾನು ಎಳೆಯುತ್ತೇನೆ.